ಒಂದೇ ಫ್ರೀಕ್ವೆನ್ಸಿ, ಹತ್ತಾರು ಬಳಕೆದಾರರು: ಇಂಟರ್‌ಫಿಯರೆನ್ಸ್ ಲೆಕ್ಕ ಹಾಕುವುದು ಹೀಗೆ

ಫೋನಿನಲ್ಲಿ ಸಿಗ್ನಲ್ ಕಡ್ಡಿ ಪೂರ್ತಿ ಇರುತ್ತದೆ, ನೆಟ್ ಮಾತ್ರ ತೆವಳುತ್ತಿರುತ್ತದೆ. ಕಾರಣ ಏನು ಬೇಕಾದರೂ ಇರಬಹುದು. ಆದರೆ ಜನ ಜಾಸ್ತಿ ಇರುವ ಕಡೆ ಮೊದಲು ಅನುಮಾನಿಸಬೇಕಾದ್ದು ಇಂಟರ್‌ಫಿಯರೆನ್ಸನ್ನೇ. ಅದೇ ಫ್ರೀಕ್ವೆನ್ಸಿಯಲ್ಲಿ, ಅದೇ ಹೊತ್ತಿನಲ್ಲಿ ಬೇರೆಯವರ ಸಿಗ್ನಲ್ಲೂ ಓಡಾಡುತ್ತಿರುತ್ತದೆ, ರಿಸೀವರಿಗೆ ಎಲ್ಲವೂ ಕಲಸಿಕೊಂಡೇ ಬರುತ್ತದೆ.

ಇಲೆಕ್ಟ್ರಾನಿಕ್ಸ್ ಓದುತ್ತಾ ಕೊನೆಯ ವರ್ಷದ ಪ್ರಾಜೆಕ್ಟಿಗೆ ಕೂತವರು, ಟೆಲಿಕಾಂ ಕೆಲಸಕ್ಕೆ ಹೊಸದಾಗಿ ಸೇರಿದವರು, ಇವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ. ಡಿಬಿ ಲೆಕ್ಕ ಗೊತ್ತಿರಬೇಕು, ವೆಕ್ಟರ್‌ಗಳ ಡಾಟ್ ಪ್ರಾಡಕ್ಟ್ ಗೊತ್ತಿರಬೇಕು, ಪೈಥಾನ್ ಅಥವಾ ಆಕ್ಟೇವ್ ಒಂದಿಷ್ಟು ಬರಬೇಕು. ಅಷ್ಟು ಸಾಕು.

ನನ್ನ ತಕರಾರು ಒಂದೇ. ಬಹಳಷ್ಟು ಪ್ರಾಜೆಕ್ಟ್ ರಿಪೋರ್ಟುಗಳಲ್ಲಿ ಬೇರೆ ಬಳಕೆದಾರರ ಪವರ್ ಎಲ್ಲವನ್ನೂ ನಾಯ್ಸ್ ಜೊತೆ ಗುಡ್ಡೆ ಹಾಕಿ, ಒಂದು ಎಸ್‌ಐಎನ್‌ಆರ್ ಸಂಖ್ಯೆ (ಬೇಕಾದ ಸಿಗ್ನಲ್ ÷ ಇಂಟರ್‌ಫಿಯರೆನ್ಸ್ ಮತ್ತು ನಾಯ್ಸ್‌ನ ಮೊತ್ತ) ತೆಗೆದು, ಅಲ್ಲಿಗೆ ಮುಗಿಸಿಬಿಡುತ್ತಾರೆ. ಕೆಲವೊಮ್ಮೆ ಅದು ಸರಿಯೇ. ಕೆಲವೊಮ್ಮೆ ಉತ್ತರವೇ ತಲೆಕೆಳಗಾಗುತ್ತದೆ. ಯಾವಾಗ ಯಾವುದು ಅಂತ ಗೊತ್ತಿರಬೇಕು, ಅಲ್ವಾ?

1. ಮೊದಲು ನಾಯ್ಸ್ ಎಷ್ಟು ನೋಡಿ

ಇಂಟರ್‌ಫಿಯರೆನ್ಸ್ ಹುಡುಕುವ ಮೊದಲು, ಅದು ಇಲ್ಲದಿದ್ದರೆ ಪರಿಸ್ಥಿತಿ ಹೇಗಿರುತ್ತಿತ್ತು ಅಂತ ತಿಳಿಯಬೇಕು. ಸಾಮಾನ್ಯ ಉಷ್ಣತೆಯಲ್ಲಿ ಥರ್ಮಲ್ ನಾಯ್ಸ್ ಪ್ರತಿ ಹರ್ಟ್ಸ್‌ಗೆ −174 ಡಿಬಿಎಂ. ಇದಕ್ಕೆ ಬ್ಯಾಂಡ್‌ವಿಡ್ತಿನ ಡಿಬಿ ಸೇರಿಸಿ, ರಿಸೀವರಿನ ನಾಯ್ಸ್ ಫಿಗರ್ (ರಿಸೀವರ್ ತಾನೇ ಸೇರಿಸುವ ನಾಯ್ಸ್) ಸೇರಿಸಿ. ನಿಮ್ಮ ನಾಯ್ಸ್ ಮಟ್ಟ ಸಿಕ್ಕಿತು.

4ಜಿ ಫೋನಿನಲ್ಲೇ ಇದನ್ನು ಮಾಡಿ ನೋಡಬಹುದು. ನೆಟ್‌ವರ್ಕ್ ಮಾಹಿತಿ ತೋರಿಸುವ ಆ್ಯಪ್ ಒಂದನ್ನು ಹಾಕಿಕೊಳ್ಳಿ. ಅದರಲ್ಲಿ ಆರ್‌ಎಸ್‌ಆರ್‌ಪಿ ಅಂತ ಒಂದು ಸಂಖ್ಯೆ ಬರುತ್ತದೆ, ಅದು 15 ಕಿಲೋಹರ್ಟ್ಸ್ ಅಗಲದ ಒಂದು ಸಬ್‌ಕ್ಯಾರಿಯರಿನ ಪವರ್. 15 ಕಿಲೋಹರ್ಟ್ಸ್ ಅಂದರೆ ಸುಮಾರು 42 ಡಿಬಿ. ಫೋನಿನ ನಾಯ್ಸ್ ಫಿಗರ್ 7 ಡಿಬಿ ಅಂತ ಇಟ್ಟುಕೊಳ್ಳಿ. ಆಗ ನಾಯ್ಸ್ ಮಟ್ಟ −125 ಡಿಬಿಎಂ ಆಸುಪಾಸು.

ಈಗ ಆ್ಯಪ್‌ನಲ್ಲಿ ಆರ್‌ಎಸ್‌ಆರ್‌ಪಿ −90 ಇದೆ ಅನ್ನಿ. ಬರೀ ನಾಯ್ಸ್ ಇದ್ದಿದ್ದರೆ ಎಸ್‌ಎನ್‌ಆರ್ (ಸಿಗ್ನಲ್ ÷ ನಾಯ್ಸ್) 35 ಡಿಬಿ ಇರಬೇಕಿತ್ತು. ಅದೇ ಆ್ಯಪ್ ಎಸ್‌ಐಎನ್‌ಆರ್ 3 ಡಿಬಿ ಅಂತ ತೋರಿಸುತ್ತಿದ್ದರೆ, ಉಳಿದ 32 ಡಿಬಿ ತಿಂದದ್ದು ಪಕ್ಕದ ಸೆಲ್‌ಗಳ ಸಿಗ್ನಲ್. ಇಂಥ ಕಡೆ ಟವರಿನ ಪವರ್ ಹೆಚ್ಚಿಸಿ ಏನೂ ಉಪಯೋಗವಿಲ್ಲ, ಪಕ್ಕದ ಟವರಿನವರೂ ಹೆಚ್ಚಿಸುತ್ತಾರೆ ಅಷ್ಟೇ. ಎಸ್‌ಐಎನ್‌ಆರ್ ಅಳೆಯುವ ರೀತಿ ಫೋನಿನಿಂದ ಫೋನಿಗೆ ಬೇರೆ ಇರುತ್ತದೆ, ಹಾಗಾಗಿ ಒಂದೆರಡು ಡಿಬಿಗೆಲ್ಲ ತಲೆ ಕೆಡಿಸಿಕೊಳ್ಳಬೇಡಿ.

ಸಿಮ್ಯುಲೇಶನ್‌ನಲ್ಲೂ ಇದೇ ಪರೀಕ್ಷೆ ನಡೆಯುತ್ತದೆ. ಎಲ್ಲರ ಪವರ್ ಒಟ್ಟಿಗೆ 10 ಡಿಬಿ ಏರಿಸಿ. ಎಸ್‌ಐಎನ್‌ಆರ್ ಕೂಡ ಹೆಚ್ಚುಕಡಿಮೆ 10 ಏರಿದರೆ ನಿಮ್ಮ ಸಮಸ್ಯೆ ನಾಯ್ಸ್, ಮಿಸುಕಾಡದಿದ್ದರೆ ಇಂಟರ್‌ಫಿಯರೆನ್ಸ್.

2. ಯಾರು, ಎಲ್ಲಿ, ಎಷ್ಟು ಜೋರು

ಹಾಳೆ ಮೇಲೆ ಚಿತ್ರ ಬರೆಯಿರಿ. ಅಪ್‌ಲಿಂಕೋ (ಫೋನಿನಿಂದ ಟವರಿಗೆ) ಡೌನ್‌ಲಿಂಕೋ (ಟವರಿನಿಂದ ಫೋನಿಗೆ)? ಎಲ್ಲರ ಬಿಟ್‌ಗಳೂ ಒಂದೇ ಕ್ಷಣಕ್ಕೆ ಶುರುವಾಗುತ್ತವೋ, ಹಿಂದುಮುಂದಾಗಿ ಬರುತ್ತವೋ? ಬೇರೆಯವರ ಕೋಡ್ ಮತ್ತು ಚಾನೆಲ್ ರಿಸೀವರಿಗೆ ಗೊತ್ತೋ ಇಲ್ಲವೋ? ಈ ಮೂರು ಪ್ರಶ್ನೆಗೆ ಉತ್ತರ ಬರೆಯದೆ ಸೂತ್ರಕ್ಕೆ ಕೈ ಹಾಕಿದರೆ ಮುಂದೆ ಎಲ್ಲಾ ಗೊಂದಲ.

ನಾವು ಸಿಡಿಎಂಎ ಅಪ್‌ಲಿಂಕ್ ತೆಗೆದುಕೊಳ್ಳೋಣ. ಸಿಡಿಎಂಎ ಅಂದರೆ ಎಲ್ಲರೂ ಒಂದೇ ಫ್ರೀಕ್ವೆನ್ಸಿಯಲ್ಲಿ, ಒಂದೇ ಹೊತ್ತಿನಲ್ಲಿ ಕಳಿಸುತ್ತಾರೆ, ಆದರೆ ಒಬ್ಬೊಬ್ಬರು ತಮ್ಮ ಬಿಟ್ಟನ್ನು ತಮ್ಮದೇ ಒಂದು +/− ಕೋಡಿನಿಂದ ಗುಣಿಸಿ ಕಳಿಸುತ್ತಾರೆ. ಆ ಕೋಡಿನ ಒಂದೊಂದು ತುಂಡು ಒಂದು ಚಿಪ್. ಹಳೆಯದಾಯಿತಲ್ಲ ಅನ್ನಬೇಡಿ. ಒಂದು ಕಾಲಕ್ಕೆ ರಿಲಯನ್ಸ್, ಟಾಟಾ ಇಂಡಿಕಾಂ ಸೆಟ್ಟುಗಳಲ್ಲಿ ನಮ್ಮೂರುಗಳಲ್ಲೆಲ್ಲ ಓಡಿದ ತಂತ್ರ ಇದು. ಫೋನು ಹೋಯಿತು, ಲೆಕ್ಕ ಉಳಿದಿದೆ. ಇವತ್ತಿನ 5ಜಿ ಆಂಟೆನಾ ಲೆಕ್ಕವೂ ಅಕ್ಷರ ಬದಲಾಯಿಸಿದ ಇದೇ ಸಮೀಕರಣ.

ರಮ್ಯಾ ಟವರಿನಿಂದ 1 ಕಿಲೋಮೀಟರ್ ದೂರದಲ್ಲಿದ್ದಾಳೆ. ಮಂಜು 100 ಮೀಟರ್ ದೂರದಲ್ಲಿದ್ದಾನೆ. ಇಬ್ಬರ ಫೋನೂ ಒಂದೇ ಪವರಿನಲ್ಲಿ ಕಳಿಸುತ್ತಿವೆ. ಊರೊಳಗೆ ಪಾತ್ ಲಾಸ್ ಎಕ್ಸ್‌ಪೊನೆಂಟ್ (ದೂರ ಹೆಚ್ಚಿದಂತೆ ಪವರ್ ಎಷ್ಟು ಬೇಗ ಇಳಿಯುತ್ತದೆ ಅನ್ನುವ ಘಾತ) 4 ಅಂತ ಹಿಡಿದರೆ, ಹತ್ತು ಪಟ್ಟು ದೂರಕ್ಕೆ 40 ಡಿಬಿ ನಷ್ಟ. ಅಂದರೆ ಮಂಜುವಿನ ಸಿಗ್ನಲ್ ರಮ್ಯಾಳದ್ದಕ್ಕಿಂತ 10,000 ಪಟ್ಟು ಜೋರಾಗಿ ಬಂದು ಬೀಳುತ್ತದೆ. ನಿಯರ್-ಫಾರ್ ಸಮಸ್ಯೆ ಅಂತ ಕರೆಯುವುದು ಇದನ್ನೇ.

ಐಎಸ್-95 ಅನ್ನುವ ಸಿಡಿಎಂಎ ವ್ಯವಸ್ಥೆಯಲ್ಲಿ ಸೆಕೆಂಡಿಗೆ 12,28,800 ಚಿಪ್, 9,600 ಬಿಟ್. ಭಾಗಿಸಿದರೆ ಬಿಟ್ಟಿಗೆ 128 ಚಿಪ್, ಅಂದರೆ ಪ್ರೊಸೆಸಿಂಗ್ ಗೇನ್ (ಕೋಡಿನಿಂದ ಬೇರೆಯವರ ಸಿಗ್ನಲ್ ತಗ್ಗುವ ಪ್ರಮಾಣ) 21 ಡಿಬಿ. ಮಂಜುವಿನ 40 ಡಿಬಿಯಲ್ಲಿ 21 ಕಳೆದರೂ ಅವನು ಇನ್ನೂ 19 ಡಿಬಿ ಮೇಲೇ ಇರುತ್ತಾನೆ. ರಮ್ಯಾಳ ಕರೆ ಕೇಳುವ ಮಾತೇ ಇಲ್ಲ. ಆದ್ದರಿಂದಲೇ ಅಲ್ಲಿ ಸೆಕೆಂಡಿಗೆ 800 ಸಲ ಪವರ್ ಕಂಟ್ರೋಲ್ (ಹತ್ತಿರದ ಫೋನಿನ ಪವರ್ ಇಳಿಸಿ, ದೂರದ್ದನ್ನು ಏರಿಸಿ ಸಮ ಮಾಡುವುದು) ಮಾಡುತ್ತಿದ್ದರು. 3ಜಿಯ ಡಬ್ಲ್ಯುಸಿಡಿಎಂಎಗೆ ಬಂದಾಗ ಅದು 1,500 ಸಲ ಆಯಿತು.

3. ಕೋರಿಲೇಶನ್ ಟೇಬಲ್ ಮಾಡಿ

ಪವರ್ ಅರ್ಧ ಕಥೆ. ಇಬ್ಬರ ಕೋಡ್‌ಗಳು ಒಂದನ್ನೊಂದು ಎಷ್ಟು ಹೋಲುತ್ತವೆ ಅನ್ನುವುದು ಇನ್ನರ್ಧ. ಎರಡೂ ಕೋಡ್‌ಗಳನ್ನು ಚಿಪ್ ಚಿಪ್ಪಿಗೆ ಗುಣಿಸಿ, ಕೂಡಿಸಿ, ಉದ್ದದಿಂದ ಭಾಗಿಸಿ. ಬಂದದ್ದೇ ಕ್ರಾಸ್ ಕೋರಿಲೇಶನ್. ಎಷ್ಟು ಬಳಕೆದಾರರಿದ್ದಾರೋ ಅಷ್ಟು ಸಾಲು, ಅಷ್ಟು ಕಂಬಸಾಲಿನ ಒಂದು ಮ್ಯಾಟ್ರಿಕ್ಸ್ ಮಾಡಿಟ್ಟುಕೊಳ್ಳಿ. ಕರ್ಣದಲ್ಲಿ ಎಲ್ಲಾ 1. ಉಳಿದ ಜಾಗದಲ್ಲಿ ಇರುವುದೇ ನಿಮ್ಮ ತಲೆನೋವು.

ರಮ್ಯಾಳಿಗಾಗಿ ಇರುವ ಮ್ಯಾಚ್ಡ್ ಫಿಲ್ಟರ್ ಬಂದ ಸಿಗ್ನಲ್ಲನ್ನು ಅವಳ ಕೋಡ್‌ನಿಂದ ಗುಣಿಸಿ ಕೂಡಿಸುತ್ತದೆ. ಅದರ ಔಟ್‌ಪುಟ್‌ನಲ್ಲಿ ಮೂರೇ ಮೂರು ಭಾಗ: ರಮ್ಯಾಳ ಆ್ಯಂಪ್ಲಿಟ್ಯೂಡ್ × ಅವಳ ಬಿಟ್, ಕೋರಿಲೇಶನ್ × ಮಂಜುವಿನ ಆ್ಯಂಪ್ಲಿಟ್ಯೂಡ್ × ಅವನ ಬಿಟ್, ಆಮೇಲೆ ನಾಯ್ಸ್. ಇನ್ನು ಮುಂದಿನದೆಲ್ಲ ಈ ಸಾಲಿನಿಂದಲೇ ಹುಟ್ಟುತ್ತದೆ, ಒಮ್ಮೆ ಕೈಯಲ್ಲೇ ಬರೆದುಕೊಳ್ಳಿ.

ಆರ್ಥೋಗನಲ್ ಕೋಡ್ ಹಾಕಿದರೆ ಕೋರಿಲೇಶನ್ ಸೊನ್ನೆ, ಕಥೆ ಮುಗಿಯಿತು ಅಂತ ಹಲವರು ನಂಬಿರುತ್ತಾರೆ. 4 ಚಿಪ್ಪಿನ ಎರಡು ವಾಲ್ಶ್ ಕೋಡ್ ತೆಗೆದುಕೊಳ್ಳಿ. ಮೊದಲನೆಯದು: +, +, −, −. ಎರಡನೆಯದು: +, −, −, +. ಗುಣಿಸಿ ಕೂಡಿಸಿದರೆ ಸೊನ್ನೆ. ಈಗ ಎರಡನೆಯದು ಒಂದೇ ಒಂದು ಚಿಪ್ ತಡವಾಗಿ ಬಂತು ಅನ್ನಿ, ಮಂಜುವಿನ ಹಿಂದಿನ ಬಿಟ್ಟೂ ಅದೇ ಇತ್ತು ಅನ್ನಿ. ಆಗ ಅದು +, +, −, − ಆಗಿಬಿಡುತ್ತದೆ. ಮೊದಲನೆಯದರ ಪಡಿಯಚ್ಚು! ಕೋರಿಲೇಶನ್ ಸೊನ್ನೆಯಿಂದ ನೇರ 1ಕ್ಕೆ ಹಾರಿತು.

ಹಾಗಾಗಿಯೇ ಐಎಸ್-95ರಲ್ಲಿ ಟವರ್‌ನಿಂದ ಫೋನಿಗೆ ಹೋಗುವಾಗ ವಾಲ್ಶ್ ಕೋಡ್‌ಗಳಿಂದ ಬಳಕೆದಾರರನ್ನು ಬೇರೆ ಮಾಡಿದರು, ಅಲ್ಲಿ ಎಲ್ಲಾ ಒಂದೇ ಗಡಿಯಾರಕ್ಕೆ ಹೊರಡುತ್ತವೆ. ಫೋನಿನಿಂದ ಟವರಿಗೆ ಬರುವ ದಾರಿಯಲ್ಲಿ ಆ ಕೆಲಸಕ್ಕೆ ಉದ್ದನೆಯ ಪಿಎನ್ (ರ‍್ಯಾಂಡಮ್‌ನಂತೆ ಕಾಣುವ) ಕೋಡ್ ಹಾಕಿದರು. ಅವು ಸೊನ್ನೆ ಕೊಡುವುದಿಲ್ಲ, ಆದರೆ ಎಷ್ಟು ಸರಿದರೂ ಸುಮಾರಾಗಿ ಚಿಕ್ಕದಾಗೇ ಇರುತ್ತವೆ. ನಿಮ್ಮ ಸಿಮ್ಯುಲೇಶನ್‌ನಲ್ಲಿ ಅಪ್‌ಲಿಂಕಿಗೆ ವಾಲ್ಶ್ ಕೋಡ್ ಹಾಕಿ, ಎಲ್ಲರನ್ನೂ ಒಂದೇ ಕ್ಷಣಕ್ಕೆ ಕಳಿಸಿ, ಇಂಟರ್‌ಫಿಯರೆನ್ಸೇ ಇಲ್ಲ ಅಂತ ಬೀಗಿದರೆ ವೈವಾದಲ್ಲಿ ಮೊದಲ ಪ್ರಶ್ನೆ ಅಲ್ಲೇ ಬೀಳುತ್ತದೆ.

ಪೂರ್ತಿ ರ‍್ಯಾಂಡಮ್ ಕೋಡ್ ಆದರೆ ಕೋರಿಲೇಶನ್‌ನ ವರ್ಗದ ಸರಾಸರಿ ಉದ್ದದ ವಿಲೋಮ. 128 ಚಿಪ್ಪಿಗೆ 1/128. ಜಿಪಿಎಸ್‌ನ 1,023 ಚಿಪ್ಪಿನ ಗೋಲ್ಡ್ ಕೋಡ್‌ಗಳಲ್ಲಿ ಕೋರಿಲೇಶನ್ ಅತಿ ಹೆಚ್ಚೆಂದರೆ 65/1,023, ಅಂದರೆ ಸುಮಾರು −24 ಡಿಬಿ. ಅಷ್ಟು ಉಪಗ್ರಹಗಳು ಒಂದೇ ಫ್ರೀಕ್ವೆನ್ಸಿಯಲ್ಲಿ ಮಾತಾಡಿದರೂ ನಿಮ್ಮ ಫೋನು ಬೇರೆ ಬೇರೆ ಮಾಡಿಕೊಳ್ಳುವುದು ಇದರಿಂದ.

4. ಕ್ಯಾಲ್ಕುಲೇಟರಿನಲ್ಲಿ ಒಂದು ಅಂದಾಜು

ಕಂಪ್ಯೂಟರ್ ಮುಟ್ಟುವ ಮೊದಲು ಉತ್ತರ ಎಲ್ಲಿರಬೇಕು ಅಂತ ಗೊತ್ತಿರಲಿ. ಪವರ್ ಕಂಟ್ರೋಲ್ ಸರಿಯಾಗಿದೆ, ಎಲ್ಲರೂ ಸಮಾನ ಜೋರಿನಲ್ಲಿ ತಲುಪುತ್ತಾರೆ, ನಾಯ್ಸ್ ಮರೆತುಬಿಡಿ. ಬಿಟ್ ಸರಿಯಾಗಿ ಓದಲು, ಗೇನ್ ಸೇರಿದ ಮೇಲೆ ಸಿಗ್ನಲ್ ಇಂಟರ್‌ಫಿಯರೆನ್ಸಿಗಿಂತ 7 ಡಿಬಿ ಮೇಲಿರಬೇಕು ಅನ್ನಿ, ಅಂದರೆ 5 ಪಟ್ಟು. ಗೇನ್ 128. ಭಾಗಿಸಿದರೆ 25.6. ಅಂದರೆ ರಮ್ಯಾಳ ಜೊತೆಗೆ ಇನ್ನೂ 25 ಮಂದಿ ಇರಬಹುದು.

ಮಾತಾಡುವಾಗ ಯಾರೂ ಪೂರ್ತಿ ಹೊತ್ತು ಬಾಯಿ ಬಿಡುವುದಿಲ್ಲ, ಹತ್ತಿರಹತ್ತಿರ 3/8 ಭಾಗ ಅಷ್ಟೇ. ಅದು ಲಾಭ. ಪಕ್ಕದ ಸೆಲ್‌ಗಳಿಂದ ನಮ್ಮ ಸೆಲ್ಲಿನ 0.6ರಷ್ಟು ಇಂಟರ್‌ಫಿಯರೆನ್ಸ್ ಬರುತ್ತದೆ ಅಂತ ಇಟ್ಟುಕೊಳ್ಳಿ. ಅದು ನಷ್ಟ. 25.6ನ್ನು 0.375 × 1.6ರಿಂದ ಭಾಗಿಸಿ, ಸುಮಾರು 43 ಸಿಗುತ್ತದೆ.

ಹಾಗಂತ 43 ಜನರನ್ನೂ ತುಂಬಿಸಲು ಹೋಗಬೇಡಿ. ಅದು ನಾಯ್ಸ್ ಇಲ್ಲದ ಲೋಕದ ಗಡಿ. ಗಡಿಯ ಹತ್ತಿರ ಹೋದಂತೆ ಎಲ್ಲರೂ ಒಬ್ಬರ ಮೇಲೊಬ್ಬರು ಪವರ್ ಏರಿಸುತ್ತಾ ಹೋಗಬೇಕಾಗುತ್ತದೆ. ಅರ್ಧ ತುಂಬಿದಾಗ ರಿಸೀವರಿಗೆ ಕಾಣುವ ಒಟ್ಟು ಗದ್ದಲ 3 ಡಿಬಿ ಏರಿರುತ್ತದೆ, ಮುಕ್ಕಾಲು ತುಂಬಿದಾಗ 6, ಶೇಕಡಾ 90ಕ್ಕೆ 10. ಅಷ್ಟು ಹೊತ್ತಿಗೆ ಸೆಲ್ಲಿನ ಅಂಚಿನಲ್ಲಿರುವ ಫೋನಿನ ಪವರ್ ಖಾಲಿ. ಜನ ಹೆಚ್ಚಿದ ಹಾಗೆ ಸೆಲ್ಲಿನ ಅಳತೆಯೇ ಕುಗ್ಗುತ್ತದೆ.

5. ಗಾಸಿಯನ್ ಅಂತ ಹಿಡಿಯಬಹುದೇ?

ಮೇಲಿನ ಲೆಕ್ಕದಲ್ಲಿ ನಾವೂ ಇಂಟರ್‌ಫಿಯರೆನ್ಸನ್ನು ನಾಯ್ಸ್ ಥರವೇ, ಅಂದರೆ ಗಂಟೆಯಾಕಾರದ ಗಾಸಿಯನ್ ಹಂಚಿಕೆಯ ರ‍್ಯಾಂಡಮ್ ಸಂಖ್ಯೆಯಂತೆ, ನೋಡಿದೆವು. 25 ಜನ, ಎಲ್ಲರೂ ಸಮ, ಆದ್ದರಿಂದ ನಡೆಯಿತು. ಜನ ಕಮ್ಮಿ ಇದ್ದು ಒಬ್ಬ ಜೋರಾಗಿದ್ದರೆ ನಡೆಯುವುದಿಲ್ಲ. ಎಷ್ಟು ತಪ್ಪಾಗುತ್ತದೆ ಅಂತ ರಮ್ಯಾ-ಮಂಜು ಇಬ್ಬರನ್ನೇ ಇಟ್ಟುಕೊಂಡು ನೋಡಿ.

ಕೋರಿಲೇಶನ್ 0.25, ಮಂಜುವಿನ ಆ್ಯಂಪ್ಲಿಟ್ಯೂಡ್ ರಮ್ಯಾಳದ್ದರ ಎರಡರಷ್ಟು. ಆಗ ಇಂಟರ್‌ಫಿಯರೆನ್ಸ್ ರಮ್ಯಾಳ ಆ್ಯಂಪ್ಲಿಟ್ಯೂಡಿನ ಅರ್ಧ. ಗಾಸಿಯನ್ ಅಂತ ಹಿಡಿದರೆ, ನಾಯ್ಸ್ ಪೂರ್ತಿ ತೆಗೆದರೂ ಎಸ್‌ಐಎನ್‌ಆರ್ 4ರಲ್ಲೇ ನಿಲ್ಲುತ್ತದೆ, ನೂರಕ್ಕೆ ಎರಡಕ್ಕಿಂತ ಜಾಸ್ತಿ ಬಿಟ್ ತಪ್ಪಾಗುತ್ತಲೇ ಇರುತ್ತವೆ. ನಿಜ ಏನು? ಮಂಜುವಿನ ಬಿಟ್ ಪ್ಲಸ್ ಇದ್ದರೂ ಮೈನಸ್ ಇದ್ದರೂ ಅರ್ಧದಷ್ಟು ಮಾತ್ರ ಎಳೆಯಬಲ್ಲದು, ರಮ್ಯಾಳ ಬಿಟ್ಟಿನ ಚಿಹ್ನೆ ಬದಲಾಗುವುದೇ ಇಲ್ಲ. ನಾಯ್ಸ್ ಕಮ್ಮಿಯಾದಂತೆ ತಪ್ಪು ಸೊನ್ನೆಗೆ ಇಳಿಯುತ್ತದೆ. ಗಾಸಿಯನ್ ಲೆಕ್ಕ ಇಲ್ಲದ ತಡೆಯನ್ನು ತೋರಿಸಿತು.

ಈಗ ಮಂಜುವನ್ನು ಇನ್ನೂ ಜೋರು ಮಾಡಿ, ಕೋರಿಲೇಶನ್ ಸೇರಿ ರಮ್ಯಾಳ 1.2 ಪಟ್ಟು ಆಗುವಷ್ಟು. ಗಾಸಿಯನ್ ಪ್ರಕಾರ ತಪ್ಪು ಶೇಕಡಾ 20. ನಿಜವಾಗಿ ಶೇಕಡಾ 50, ಅಂದರೆ ನಾಣ್ಯ ಚಿಮ್ಮಿದ ಹಾಗೆ. ರಿಸೀವರ್ ರಮ್ಯಾಳ ಹೆಸರಿನಲ್ಲಿ ಮಂಜುವಿನ ಬಿಟ್ ಓದುತ್ತಿದೆ. ಇದರಲ್ಲೊಂದು ತಮಾಷೆಯೂ ಇದೆ: ಈ ಸ್ಥಿತಿಯಲ್ಲಿ ಸ್ವಲ್ಪ ನಾಯ್ಸ್ ಸೇರಿಸಿದರೆ ರಮ್ಯಾಳ ತಪ್ಪು ಕಮ್ಮಿಯಾಗುತ್ತದೆ! ಪ್ಲಾಟ್‌ನಲ್ಲಿ ಎಸ್‌ಎನ್‌ಆರ್ ಏರಿದಂತೆ ಬಿಇಆರ್ (ತಪ್ಪಾದ ಬಿಟ್‌ಗಳ ಪ್ರಮಾಣ) ಕೂಡ ಮೇಲೆ ಹೋಗುತ್ತಿರುವುದು ಕಂಡರೆ ಕೋಡಿನಲ್ಲಿ ಬಗ್ ಇದೆ ಅಂತ ರಾತ್ರಿಯೆಲ್ಲ ಹುಡುಕಬೇಡಿ, ಮೊದಲು ಈ ಅನುಪಾತ ನೋಡಿ.

ನಾನು ಪಾಲಿಸುವ ನಿಯಮ ಇಷ್ಟು. ಪ್ರತಿ ಬಳಕೆದಾರರ ಕೋರಿಲೇಶನ್ × ಆ್ಯಂಪ್ಲಿಟ್ಯೂಡ್ ಪಟ್ಟಿ ಮಾಡಿ. ಅದರಲ್ಲಿ ಒಬ್ಬಿಬ್ಬರೇ ಬಹುಪಾಲು ನುಂಗಿದ್ದರೆ, ಅವರನ್ನು ಬಿಟ್ ಸಮೇತ ಪ್ರತ್ಯೇಕ ಲೆಕ್ಕಕ್ಕೆ ತೆಗೆದುಕೊಂಡು, ಉಳಿದ ಚಿಲ್ಲರೆಯನ್ನು ಮಾತ್ರ ಗಾಸಿಯನ್ ಅಂತ ಹಿಡಿಯಿರಿ.

6. ಸಿಮ್ಯುಲೇಶನ್

ಇದರಲ್ಲಿ ದೊಡ್ಡ ವಿಷಯ ಏನಿಲ್ಲ. ನಮ್‌ಪೈನಲ್ಲಿ ಕೋಡ್ ಮ್ಯಾಟ್ರಿಕ್ಸ್ ಮಾಡಿ, ರ‍್ಯಾಂಡಮ್ ಬಿಟ್‌ಗಳನ್ನು ಆ್ಯಂಪ್ಲಿಟ್ಯೂಡಿನಿಂದ ಗುಣಿಸಿ, ಕೋಡ್ ಮೇಲೆ ಹರಡಿ, ಎಲ್ಲರನ್ನೂ ಕೂಡಿಸಿ, ನಾಯ್ಸ್ ಹಾಕಿ, ರಿಸೀವರಿಗೆ ಕೊಟ್ಟು, ತಪ್ಪು ಎಣಿಸಿ.

ಎಣಿಸುವಾಗ ಮಾತ್ರ ಅವಸರ ಬೇಡ. ಒಂದು ಪಾಯಿಂಟಿಗೆ ಕನಿಷ್ಠ 100 ತಪ್ಪು ಸಿಗುವವರೆಗೆ ಓಡಿಸಿ, ಆಗ ಅಂದಾಜಿನಲ್ಲಿ ಶೇಕಡಾ 10ರಷ್ಟು ಏರುಪೇರು ಇರುತ್ತದೆ. ಹತ್ತು ಸಾವಿರಕ್ಕೊಂದು ತಪ್ಪು ತೋರಿಸಬೇಕಾದರೆ 10 ಲಕ್ಷ ಬಿಟ್ ಬೇಕು.

ಫಲಿತಾಂಶ ನಂಬುವ ಮೊದಲು ಮೂರು ತಾಳೆ ನೋಡಿ. ಒಬ್ಬರೇ ಇದ್ದಾಗ ಬಿಪಿಎಸ್‌ಕೆ (ಬಿಟ್ಟನ್ನು +1 ಅಥವಾ −1 ಆಗಿ ಕಳಿಸುವ ವಿಧಾನ) ಕರ್ವ್ ಬರಬೇಕು: ಬಿಟ್‌ನ ಎನರ್ಜಿ ÷ ನಾಯ್ಸ್ ಸಾಂದ್ರತೆ (Eb/N0) 6.8 ಡಿಬಿ ಇರುವಾಗ ಸಾವಿರಕ್ಕೊಂದು ತಪ್ಪು, 9.6ಕ್ಕೆ ಲಕ್ಷಕ್ಕೊಂದು. ಕೋರಿಲೇಶನ್ ಸೊನ್ನೆ ಮಾಡಿದಾಗ ಮಂಜು ಎಷ್ಟೇ ಕೂಗಿದರೂ ಅದೇ ಕರ್ವ್ ಬರಬೇಕು. ಇಂಟರ್‌ಫಿಯರೆನ್ಸ್ ಸರಿಯಾಗಿ ರಮ್ಯಾಳ ಆ್ಯಂಪ್ಲಿಟ್ಯೂಡಿಗೆ ಸಮ ಇಟ್ಟಾಗ, ನಾಯ್ಸ್ ಎಷ್ಟು ಇಳಿಸಿದರೂ ತಪ್ಪು ಕಾಲು ಭಾಗದಲ್ಲಿ, ಅಂದರೆ 0.25ರಲ್ಲಿ, ನಿಲ್ಲಬೇಕು. ಇವು ಮೂರೂ ಬಂದರೆ ನಿಮ್ಮ ಕೋಡ್ ಸರಿ ಇದೆ ಅನ್ನಬಹುದು.

ಹಾಗೇ ಇನ್ನೊಂದು ಮಾತು, ಸರಾಸರಿ ಬಿಇಆರ್ ಒಂದನ್ನೇ ಬರೆದು ಕೈ ತೊಳೆದುಕೊಳ್ಳಬೇಡಿ. ಮಂಜು ಚೆನ್ನಾಗಿದ್ದಾನೆ, ರಮ್ಯಾ ಮುಳುಗಿದ್ದಾಳೆ, ಸರಾಸರಿಯಲ್ಲಿ ಇದು ಕಾಣುವುದಿಲ್ಲ. ನೂರು ಜನರಲ್ಲಿ ಕೊನೆಯ ಐವರ ಎಸ್‌ಐಎನ್‌ಆರ್ ಎಷ್ಟು ಅಂತ ಬೇರೆಯಾಗಿ ಕೊಡಿ.

7. ರಿಸೀವರ್ ಬದಲಾಯಿಸಿ ನೋಡಿ

1986ರಲ್ಲಿ ಸೆರ್ಗಿಯೋ ವೆರ್ದು ಎಲ್ಲ ಬಳಕೆದಾರರ ಬಿಟ್‌ಗಳನ್ನೂ ಒಟ್ಟಿಗೆ ಊಹಿಸುವ ಅತ್ಯುತ್ತಮ ರಿಸೀವರ್ ಹೇಗಿರುತ್ತದೆ ಅಂತ ತೋರಿಸಿದರು. ತೊಂದರೆ ಏನೆಂದರೆ, ಪ್ರತಿ ಬಳಕೆದಾರ ಸೇರಿದಾಗಲೂ ಕೆಲಸ ದುಪ್ಪಟ್ಟು. 20 ಜನಕ್ಕೆ 10,48,576 ಸಾಧ್ಯತೆಗಳನ್ನು ನೋಡಬೇಕು. ಪ್ರಾಜೆಕ್ಟಿನಲ್ಲಿ ನಾಲ್ಕೈದು ಜನಕ್ಕೆ ಇದನ್ನು ಓಡಿಸಿ ಅಳತೆಗೋಲಾಗಿ ಇಟ್ಟುಕೊಳ್ಳಿ, ಅಷ್ಟೇ.

ಡಿಕೋರಿಲೇಟರ್ ಸುಲಭ. ಮ್ಯಾಚ್ಡ್ ಫಿಲ್ಟರುಗಳ ಔಟ್‌ಪುಟ್ಟನ್ನು ನಿಮ್ಮ ಕೋರಿಲೇಶನ್ ಮ್ಯಾಟ್ರಿಕ್ಸಿನ ಇನ್ವರ್ಸ್‌ನಿಂದ ಗುಣಿಸಿದರೆ ಮಂಜು ಪೂರ್ತಿ ಮಾಯ, ಅವನು ಎಷ್ಟು ಜೋರಾಗಿದ್ದರೂ ಸರಿ. ಇದಕ್ಕೆ ಬೆಲೆ ನಾಯ್ಸ್‌ನಲ್ಲಿ ಕಟ್ಟಬೇಕು. ಕೋರಿಲೇಶನ್ 0.25 ಇದ್ದರೆ ನಾಯ್ಸ್ ಏರುವುದು 0.28 ಡಿಬಿ, ಲೆಕ್ಕಕ್ಕೇ ಇಲ್ಲ. 0.9 ಇದ್ದರೆ 7.2 ಡಿಬಿ. ಎಂಎಂಎಸ್‌ಇ (ಸರಾಸರಿ ವರ್ಗದೋಷ ಕನಿಷ್ಠ ಮಾಡುವ) ರಿಸೀವರ್ ನಡುವಿನ ದಾರಿ: ನಾಯ್ಸ್ ಕಮ್ಮಿ ಇದ್ದಾಗ ಡಿಕೋರಿಲೇಟರಿನಂತೆ, ಜಾಸ್ತಿ ಇದ್ದಾಗ ಮ್ಯಾಚ್ಡ್ ಫಿಲ್ಟರಿನಂತೆ ನಡೆದುಕೊಳ್ಳುತ್ತದೆ. ಒಂದನ್ನೇ ಆರಿಸಿ ಅಂದರೆ ನಾನು ಇದನ್ನೇ ಆರಿಸುತ್ತೇನೆ.

ಜೋರಾಗಿರುವವರನ್ನು ಮೊದಲು ಓದಿ, ಕಳೆದು, ಆಮೇಲೆ ಉಳಿದವರನ್ನು ಓದುವ ವಿಧಾನ ಎಸ್‌ಐಸಿ. ಕಾಗದದ ಮೇಲೆ ತುಂಬ ಚೆಂದ. ಆದರೆ ಮಂಜು 20 ಡಿಬಿ ಮೇಲಿದ್ದಾನೆ ಅನ್ನಿ, ಅಂದರೆ ಆ್ಯಂಪ್ಲಿಟ್ಯೂಡ್ 10 ಪಟ್ಟು. ಅವನ ಆ್ಯಂಪ್ಲಿಟ್ಯೂಡ್ ಅಂದಾಜಿಸುವಾಗ ಶೇಕಡಾ 5 ತಪ್ಪಿದರೆ, ಕಳೆದ ಮೇಲೂ ರಮ್ಯಾಳ ಅರ್ಧದಷ್ಟು ಕಸ ಉಳಿಯುತ್ತದೆ, ಅದನ್ನು ಕೋರಿಲೇಶನ್ ಎಷ್ಟು ಕಮ್ಮಿ ಮಾಡುತ್ತದೋ ಅಷ್ಟೇ ಸಮಾಧಾನ. ಅವನ ಬಿಟ್ಟನ್ನೇ ತಪ್ಪಾಗಿ ಓದಿದರೆ ಕಳೆಯುವ ಬದಲು ಕೂಡಿದಂತಾಗಿ 10 ಪಟ್ಟು ಇದ್ದದ್ದು 20 ಆಗುತ್ತದೆ.

8. ಇದೇ ಲೆಕ್ಕ, 5ಜಿ ಆಂಟೆನಾಗೆ

ಕೋಡ್ ಇದ್ದ ಜಾಗದಲ್ಲಿ ಚಾನೆಲ್ ವೆಕ್ಟರ್ ಹಾಕಿ: ಒಬ್ಬ ಬಳಕೆದಾರರಿಂದ ಟವರಿನ ಪ್ರತಿ ಆಂಟೆನಾಗೆ ಸಿಗ್ನಲ್ ಹೇಗೆ ತಲುಪಿತು ಅನ್ನುವ ಪಟ್ಟಿ. ಕೋರಿಲೇಶನ್, ಡಿಕೋರಿಲೇಟರ್, ಎಂಎಂಎಸ್‌ಇ ಎಲ್ಲಾ ಹಾಗೇ ಕೆಲಸ ಮಾಡುತ್ತವೆ. ಡಿಕೋರಿಲೇಟರನ್ನು ಇಲ್ಲಿ ಝೀರೋ ಫೋರ್ಸಿಂಗ್ ಅನ್ನುತ್ತಾರೆ.

ಚಾನೆಲ್‌ಗಳು ಒಂದಕ್ಕೊಂದು ಸಂಬಂಧವಿಲ್ಲದ ರೇಲೀ ಫೇಡಿಂಗ್ (ಸಿಗ್ನಲ್ ಹಲವು ದಾರಿಯಲ್ಲಿ ಚದುರಿ ಬರುವ ಸ್ಥಿತಿ) ಆದರೆ 64 ಆಂಟೆನಾಗೆ ಕೋರಿಲೇಶನ್ ವರ್ಗದ ಸರಾಸರಿ 1/64, ಅಂದರೆ −18 ಡಿಬಿ. ಹೆಚ್ಚಿನ ಸಿಮ್ಯುಲೇಶನ್‌ಗಳು ಇಷ್ಟಕ್ಕೆ ನಿಂತುಬಿಡುತ್ತವೆ. ಟವರ್ ಕಣ್ಣಿಗೆ ಕಾಣುವಂಥ ಜಾಗದಲ್ಲಿ ಇದು ಸುಳ್ಳಾಗುತ್ತದೆ. ಅಲ್ಲಿ ಬಳಕೆದಾರರನ್ನು ಬೇರೆ ಮಾಡುವುದು ದಿಕ್ಕು ಮಾತ್ರ. 64 ಆಂಟೆನಾಗಳನ್ನು ಅರ್ಧ ತರಂಗಾಂತರದ ಅಂತರದಲ್ಲಿ ಒಂದೇ ಸಾಲಿನಲ್ಲಿ ಇಟ್ಟರೆ, ಟವರಿನ ನೇರ ಎದುರು 500 ಮೀಟರ್ ದೂರದಲ್ಲಿ ಇಬ್ಬರು ಸುಮಾರು 16 ಮೀಟರ್ ಅಂತರದಲ್ಲಿದ್ದರೆ ಕೋರಿಲೇಶನ್ ಸೊನ್ನೆಗೆ ಬರುತ್ತದೆ. ಅದೇ 64ನ್ನು 8 × 8 ಚೌಕವಾಗಿ ಜೋಡಿಸಿದರೆ ಅಡ್ಡಕ್ಕೆ ಇರುವುದು 8 ಮಾತ್ರ, ಬೇಕಾಗುವ ಅಂತರ ಸುಮಾರು 125 ಮೀಟರ್. ಆಂಟೆನಾ ಸಂಖ್ಯೆ ಅದೇ, ಇಂಟರ್‌ಫಿಯರೆನ್ಸ್ ಬೇರೆಯೇ. ಆದ್ದರಿಂದ ಆಂಟೆನಾ ಜೋಡಣೆಯನ್ನು ರಿಪೋರ್ಟಿನಲ್ಲಿ ಬರೆಯಲೇಬೇಕು. ಒಂದೇ ದಿಕ್ಕಿನಲ್ಲಿ ಸಿಕ್ಕಿಬಿದ್ದ ಇಬ್ಬರನ್ನು ಝೀರೋ ಫೋರ್ಸಿಂಗ್‌ನಿಂದ ಬಿಡಿಸಲು ಒದ್ದಾಡುವ ಬದಲು ಬೇರೆ ಬೇರೆ ಟೈಮ್ ಸ್ಲಾಟಿಗೆ ಹಾಕುವುದೇ ವಾಸಿ, ಶೆಡ್ಯೂಲರ್‌ಗಳು ಮಾಡುವುದೂ ಅದನ್ನೇ.

ಕಡೆಗೆ, ರಿಸೀವರಿಗೆ ನಿಜವಾದ ಚಾನೆಲ್ ಎಂದೂ ಪುಕ್ಕಟೆ ಕೊಡಬೇಡಿ. ಪೈಲಟ್ ಸಿಗ್ನಲ್ (ರಿಸೀವರಿಗೆ ಮೊದಲೇ ಗೊತ್ತಿರುವ ಸಿಗ್ನಲ್) ಕಳಿಸಿ, ಅದರಿಂದ ಅಂದಾಜು ಮಾಡಿದ ಚಾನೆಲ್ಲನ್ನೇ ಕೊಡಿ. ಪಕ್ಕದ ಸೆಲ್ಲಿನಲ್ಲೂ ಅದೇ ಪೈಲಟ್ ಬಳಕೆಯಲ್ಲಿದ್ದರೆ ಆ ಅಂದಾಜಿನಲ್ಲೇ ಅಲ್ಲಿಯ ಬಳಕೆದಾರ ಸೇರಿಕೊಂಡಿರುತ್ತಾನೆ. 2010ರಲ್ಲಿ ಥಾಮಸ್ ಮಾರ್ಜೆಟ್ಟಾ ತೋರಿಸಿದ್ದು ಇದನ್ನೇ: ಆಂಟೆನಾ ಲೆಕ್ಕವಿಲ್ಲದಷ್ಟು ಹೆಚ್ಚಿಸಿದರೆ ನಾಯ್ಸ್ ಹೋಗುತ್ತದೆ, ಸೆಲ್ಲಿನೊಳಗಿನ ಇಂಟರ್‌ಫಿಯರೆನ್ಸ್ ಹೋಗುತ್ತದೆ, ಪೈಲಟ್ ಹಂಚಿಕೊಂಡವರಿಂದ ಬರುವುದು ಮಾತ್ರ ಉಳಿಯುತ್ತದೆ. ಎರಡು ಸೆಲ್, ಒಂದೇ ಪೈಲಟ್ ಇಟ್ಟು ಆಂಟೆನಾ ಸಂಖ್ಯೆಯನ್ನು 8, 64, 512 ಅಂತ ಏರಿಸುತ್ತಾ ಪ್ಲಾಟ್ ಮಾಡಿ. ಕರ್ವ್ ಮೇಲೇರುವುದನ್ನು ನಿಲ್ಲಿಸಿದ ಜಾಗದಿಂದ ಕೋರಿಲೇಶನ್ ಟೇಬಲ್ಲಿಗೆ ವಾಪಸ್ ಹೋಗಿ, ಯಾವ ಬಳಕೆದಾರನ ಸಾಲು ಕುಗ್ಗಲಿಲ್ಲ ಅಂತ ನೋಡಿ.